ಕೇಶತೀರ್ಥದ ಬಂಡೆ ಎರಡಾದ ವೃತ್ತಾಂತ

ಮೇರು ಮಂದರಾದಿ ಪರ್ವತಗಳನ್ನು ಹೆಸರಿಟ್ಟು ಹಾಡಿದ ನಮ್ಮ ಪೌರಾಣಿಕರ ಭುವನಕೋಶದಲ್ಲಿ ಒಂದಕ್ಷರದಷ್ಟೂ ಜಾಗ ಪಡೆಯದೆ, ಪಶ್ಚಿಮ ಸಮುದ್ರಗಳಾಚೆ ಬಹುದೂರದಲ್ಲಿ, ಬಾಲ್ಕನ್ ಎಂಬ ಗಿರಿಪಂಕ್ತಿಗಳ ನಡುವೆ, ಹೇಮಂತದಲ್ಲಿ ಹಿಮಾಚ್ಛಾದಿತವೂ ಗ್ರೀಷ್ಮದಲ್ಲಿ ಶುಷ್ಕತೃಣಾವೃತವೂ ಆಗಿ, ಓಕ್ ವೃಕ್ಷಗಳ ವಿರಳಚ್ಛಾಯೆಯಲ್ಲಿ ಕುರಿಮಂದೆಗಳನ್ನು ಪೋಷಿಸುತ್ತ, ಎರಡು ಭಾಷೆ ಎರಡು ಮತಗಳ ಜನರನ್ನು ಒಂದೇ ಮಡಿಲಿನಲ್ಲಿ ಸಾಕಿ, ಆ ಪಾಪಕ್ಕಾಗಿ ಇಂದಿಗೂ ಶಿಕ್ಷೆ ಅನುಭವಿಸುತ್ತಿರುವ ಒಂದು ಗುಡ್ಡವುಂಟು. ಆ ಗುಡ್ಡದ ನೆತ್ತಿಯಲ್ಲಿ ನಡುವೆ ಬಿರಿದ ಒಂದು ಶಿಲೆ. ಶಿಲೆಯ ಬಿರುಕಿನಲ್ಲಿ ಅಂಗೈಯಷ್ಟು ನೀರು. ಅದೇ ಕೇಶತೀರ್ಥವೆಂಬ ಪುಣ್ಯಸ್ಥಳ.

ಗುಡ್ಡವನ್ನೂ ಅದರ ಎರಡು ಮಗ್ಗುಲ ಹಳ್ಳಿಗಳನ್ನೂ ಕೂಡಿಸಿ ಈಗ ಒಂದು ಗ್ರಾಮೀಣ ಪುರಸಭೆ ಮಾಡಿದ್ದಾರೆ. ಅದಕ್ಕೆ ಸರ್ಬರು ದ್ರೆನ್ಯಾಕ್ ಎನ್ನುತ್ತಾರೆ, ಅಲ್ಬೇನಿಯನ್ನರು ಥಾನಿಷ್ಟ ಎನ್ನುತ್ತಾರೆ. ನಮ್ಮ ಕವಳೆ ಹಣ್ಣಿನ ಹಾಗೆ ಕೆಂಪಗೆ ಹುಳ್ಳಗೆ ಇರುವ ಒಂದು ಕಾಡುಹಣ್ಣಿನ ಪೊದೆ ಅಲ್ಲಿ ಹೆಜ್ಜೆ ಹೆಜ್ಜೆಗೂ ಬೆಳೆಯುತ್ತದೆ. ಅವರ ಭಾಷೆಯಲ್ಲಿ ಅದರ ಹೆಸರು ಒಂದು, ಇವರ ಭಾಷೆಯಲ್ಲಿ ಇನ್ನೊಂದು. ಊರಿನ ಹೆಸರು ಎರಡಾದರೂ ಅರ್ಥ ಒಂದೇ, ಆ ಪೊದೆ ಇರುವ ಜಾಗ ಎಂದು. ಆದರೂ ಊರ ಬಾಗಿಲಿಗೆ ನೆಟ್ಟ ಹಲಗೆಯ ಮೇಲೆ ಎರಡು ಹೆಸರೂ ಜೊತೆಯಾಗಿ ಒಂದು ವರ್ಷ ಬಾಳಿದ್ದನ್ನು ಕಂಡವರಿಲ್ಲ. ಒಮ್ಮೆ ಇದಕ್ಕೆ ಮಸಿ, ಒಮ್ಮೆ ಅದಕ್ಕೆ ಮಸಿ. ಹಲಗೆ ಬರೆಯುವವನಿಗೆ ಮಾತ್ರ ಯಾವ ಕಾಲದಲ್ಲೂ ಕೆಲಸ ತಪ್ಪಿಲ್ಲ.

ನಾವು ಹೇಳಹೊರಟದ್ದು ಹಲಗೆಗಳಿಲ್ಲದ ಕಾಲದ ಮಾತು. ತುರ್ಕಿಯ ಸುಲ್ತಾನರು ಆ ನೆಲವನ್ನಾಳುತ್ತಿದ್ದ ಕಾಲದಲ್ಲಿ, ಗುಡ್ಡದ ಮೂಡಣ ಮಗ್ಗುಲಲ್ಲಿ ಶಿಲುಬೆಗೆ ಕೈಮುಗಿಯುವ ಸರ್ಬರೂ ಪಡುವಣ ಮಗ್ಗುಲಲ್ಲಿ ನಮಾಜು ಮಾಡುವ ಅಲ್ಬೇನಿಯನ್ನರೂ ವಾಸವಾಗಿದ್ದಾಗ, ಆ ಶಿಲೆ ಇನ್ನೂ ಅಖಂಡವಾಗಿತ್ತು. ಅದರ ಬುಡದಿಂದ ಎತ್ತಿನ ತೊಡೆಯಷ್ಟು ದಪ್ಪನೆಯ ನೀರಿನ ಧಾರೆ ಚಿಮ್ಮುತ್ತಿತ್ತು. ಧಾರೆಯ ಎಡಕ್ಕೊಂದು ಬಲಕ್ಕೊಂದು ಕಾಲುವೆ, ನಡುವೆ ಒಂದು ಚಪ್ಪಡಿಕಲ್ಲು. ಬಿಸಿಲು ಬಂಡೆಯ ಮೂಡಣ ಮುಖದ ಮೇಲಿರುವ ತನಕ ನೀರು ಸರ್ಬರ ಹೊಲಕ್ಕೆ. ಬಿಸಿಲು ಹೊರಳಿ ಪಡುವಣ ಮುಖಕ್ಕೆ ಬಿದ್ದ ಮೇಲೆ ಅಲ್ಬೇನಿಯನ್ನರ ಹೊಲಕ್ಕೆ. ಹತ್ತಿರವಿದ್ದವರು ಯಾರೋ ಚಪ್ಪಡಿ ಸರಿಸುತ್ತಿದ್ದರು. ನೀರು ಯಾರದೆಂದು ಯಾರೂ ಕೇಳಿರಲಿಲ್ಲ, ಕೇಳುವಷ್ಟು ಬುದ್ಧಿ ಆಗಿನ್ನೂ ಬೆಳೆದಿರಲಿಲ್ಲ.

ಮೂಡಣ ಹಳ್ಳಿಯಲ್ಲಿ ರಾದೋಯೆ ಎಂಬ ಸರ್ಬ ರೈತನಿದ್ದನು. ಅವನ ಹೆಂಡತಿ ಮಿಲುಂಕ. ಈ ಸ್ಥಳದ ಪುರಾಣವೆಂದರೆ ಅವಳ ಪುರಾಣವೇ. ಪಾದ್ರಿಗಳೂ ಮೌಲ್ವಿಗಳೂ ಆಮೇಲೆ ಬಂದು ತಂತಮ್ಮ ಸಂತರನ್ನು ಅದರೊಳಕ್ಕೆ ತುರುಕಿದ್ದು ಬೇರೆ ಸಂಗತಿ. ಮಿಲುಂಕಳಿಗೆ ಎರಡು ಕೂಸು ಹುಟ್ಟಿ, ಎರಡೂ ನಾಮಕರಣಕ್ಕೆ ಮುಂಚೆಯೇ ತೀರಿಹೋಗಿದ್ದವು. ಹೆಸರಿಲ್ಲದ ಕೂಸುಗಳಿಗೆ ಅಲ್ಲಿನ ಸ್ಮಶಾನದಲ್ಲಿ ಜಾಗವಿಲ್ಲ. ಹಿತ್ತಲಿನ ಪ್ಲಮ್ ಹಣ್ಣಿನ ಮರದ ಕೆಳಗೆ ಅವಳೇ ಗುಂಡಿ ತೋಡಿ ಮಲಗಿಸಿದ್ದಳು. ಮೂರನೆಯದು ಹೆಣ್ಣು. ಅದನ್ನು ಎದೆಗೆ ಹಾಕಿಕೊಳ್ಳುವಾಗೆಲ್ಲ ಅವಳ ಕಣ್ಣು ಹಿತ್ತಲ ಕಡೆಗೇ ಹೋಗುತ್ತಿತ್ತು.

ಕೂಸು ಉಳಿಯದ ಮನೆಗಳಿಗೆ ಆ ಸೀಮೆಯಲ್ಲೊಂದು ಪದ್ಧತಿಯುಂಟು. ಹುಟ್ಟಿದ ಕೂಸನ್ನು ಹೊತ್ತು ಮೂಡುವಾಗ ದಾರಿಯ ಮೇಲೆ ಮಲಗಿಸಿ, ಹೆತ್ತವಳು ಮರೆಯಲ್ಲಿ ನಿಲ್ಲಬೇಕು. ಆ ದಾರಿಯಲ್ಲಿ ಮೊದಲು ಬಂದವನು, ಪರದೇಶಿಯಿರಲಿ ಭಿಕ್ಷುಕನಿರಲಿ ಹಗೆಯವನೇ ಇರಲಿ, ಕೂಸಿನ ಮೊದಲ ಕೂದಲೆಳೆಯನ್ನು ಕತ್ತರಿಸಬೇಕು. ಕತ್ತರಿಸಿದವನು ಅಂದಿನಿಂದ ಆ ಮನೆಗೆ ‘ಕೂಮ’. ಕೂಮನೆಂದರೆ ರಕ್ತಕ್ಕಿಂತ ಹತ್ತಿರದ ನಂಟ. ಕೂಮನ ಮನೆಗೆ ಹೆಣ್ಣು ಕೊಡುವಂತಿಲ್ಲ, ತರುವಂತಿಲ್ಲ. ಕೂಮನ ಮೇಲೆ ಕೈಯೆತ್ತುವಂತಿಲ್ಲ, ಅವನೆದುರು ಸುಳ್ಳಾಡುವಂತಿಲ್ಲ. ಆ ನಂಟು ಮುರಿದರೆ ಕೂಸಿನ ಆಯುಸ್ಸೂ ಮುರಿಯಿತೆಂದೇ ಲೆಕ್ಕ.

ಹೀಗೆ ಮಿಲುಂಕ ತನ್ನ ಕೂಸನ್ನು ಬಂಡೆಯ ಬುಡದ ದಾರಿಯಲ್ಲಿ ಕಂಬಳಿಯ ಮೇಲೆ ಮಲಗಿಸಿ ಓಕ್ ಮರದ ಹಿಂದೆ ನಿಂತಳು. ತಮ್ಮ ಪಾದ್ರಿಯೇ ಬಂದುಬಿಡಲಪ್ಪಾ ಎಂದು ಬೇಡಿಕೊಂಡಳು. ಬಂದವನು ಊಕ. ಪಡುವಣ ಹಳ್ಳಿಯ ಅಲ್ಬೇನಿಯನ್ ಕುರುಬ. ನರೆತ ಮೀಸೆಯ ಒಂಟಿ ಜೀವ, ಹೆಂಡತಿ ಸತ್ತು ಬಹುಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ಸೊಂಟದಲ್ಲಿ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ಸಿಕ್ಕಿಸಿಕೊಂಡಿದ್ದ.

“ಯಾರ್ರೀ ಅದು, ಕೂಸನ್ನ ದಾರೀಲಿ ಬಿಟ್ಟೋರು?” ಎಂದು ಅವನು ಕೂಗಿದ. “ನಾಯಿ ನರಿ ಓಡಾಡೋ ಜಾಗ ಇದು!”

ಮಿಲುಂಕ ಮರದ ಮರೆಯಿಂದ ಬಂದು ತಲೆ ತಗ್ಗಿಸಿ ನಿಂತಳು. “ಅಣ್ಣಾ, ಇದರ ಕೂದಲು ಒಂದೆಳೆ ಕತ್ತರಿಸಿಬಿಡಿ. ಇಲ್ಲ ಅನ್ನಬೇಡಿ.”

“ನಾನು ಆ ಕಡೆ ಊರೋನು ತಂಗಿ. ಮಸೀದಿಗೆ ಹೋಗೋನು. ನಿಮ್ಮೋರು ಏನಂತಾರೆ?”

“ಅನ್ನೋರು ಹಿತ್ತಲಲ್ಲಿ ಗುಂಡಿ ತೋಡೋಕೆ ಬರಲಿಲ್ಲ. ಮೊದಲು ಬಂದೋರು ನೀವು.”

ಊಕ ಸೊಂಟಕ್ಕೆ ಕೈಹಾಕಿ ಕತ್ತರಿ ತೆಗೆದ. ಕುರಿಯ ಮೈಮೇಲೆ ಕಣ್ಣು ಮುಚ್ಚಿಕೊಂಡು ಆಡುತ್ತಿದ್ದ ಆ ದೊಡ್ಡ ಕತ್ತರಿ ಆ ಎಳೆತಲೆಯ ಹತ್ತಿರ ಕಣ್ಣರಳಿಸಿಕೊಂಡು ಮೆಲ್ಲಮೆಲ್ಲನೆ ಹೋಯಿತು. ಒಂದೆಳೆ ಕೂದಲು ಬಿತ್ತು. ಅದನ್ನವನು ತೇವ ಮಣ್ಣಿನಲ್ಲಿ ಉಂಡೆಕಟ್ಟಿ ಬಂಡೆಯ ಪೊಟರೆಯಲ್ಲಿಟ್ಟ. ನಮ್ಮಲ್ಲಿ ಕೂಸು ಉಳಿಯಲೆಂದು ಗುಂಡ, ತಿಪ್ಪ ಎಂದು ಹೆಸರಿಡುವ ಹಾಗೆ, ಅವರಲ್ಲಿ ‘ನಿಲ್ಲು’ ಎನ್ನುವ ಅರ್ಥದಲ್ಲಿ ಸ್ತಾನಾ ಎಂದು ಇಡುತ್ತಾರೆ. ಆ ಹೆಸರೇ ಇಟ್ಟರು. ಕೂಸು ನಿಂತಿತು, ನಡೆಯಿತು, ಓಡಿತು. ಎರಡು ಹಳ್ಳಿಯ ನಡುವಿನ ದಾರಿಯಲ್ಲಿ ಕೋಳಿಮರಿಯ ಹಾಗೆ ಓಡಾಡಿಕೊಂಡು, ಅಪ್ಪನ ಮನೆಯಲ್ಲಿ ಒಂದು ಭಾಷೆ ಊಕನ ಮನೆಯಲ್ಲಿ ಇನ್ನೊಂದು ಭಾಷೆ ಕಲಿತು, ಎರಡೂ ಕಡೆ ಉಂಡು ಬೆಳೆಯಿತು. ಮಕ್ಕಳಿಲ್ಲದ ಊಕನಿಗೆ ಅವಳೇ ಮನೆ ಮಗಳು.

ಮಿಲುಂಕ ನೆಮ್ಮದಿಯಿಂದಿದ್ದ ವರ್ಷಗಳು ಅವು. ಪುರಾಣ ಹೇಳುವವರಿಗೆ ಅಂಥ ವರ್ಷಗಳಲ್ಲಿ ಕೆಲಸವಿರುವುದಿಲ್ಲ.

ಅನಂತರ ಅನಾವೃಷ್ಟಿಯೊದಗಿದ ಒಂದು ಗ್ರೀಷ್ಮದಲ್ಲಿ, ಆ ಪ್ರಾಂತವನ್ನಾಳುತ್ತಿದ್ದ ಪಾಷಾನ ಅಧಿಕಾರಿಯೊಬ್ಬನು ಕುದುರೆಯೇರಿ ಬಂದು, ಬಂಡೆಯ ನೆರಳಲ್ಲಿ ಕುಳಿತು, ಎರಡು ಹಳ್ಳಿಯ ಹಿರಿಯರನ್ನೂ ಕರೆಸಿ, ನೀರು ಯಾರದೆಂದು ಕೇಳಿದನು. ಹಿರಿಯರು ಮುಖ ಮುಖ ನೋಡಿಕೊಂಡರು. ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿದ್ದ ಸಂಗತಿಯನ್ನು, ಅಂದರೆ ಅದು ಯಾರದೂ ಅಲ್ಲವೆಂಬುದನ್ನು, ಹೇಳಿದರು. ಅಧಿಕಾರಿ ನಕ್ಕನು. “ಕತ್ತೆಗೂ ಒಬ್ಬ ಒಡೆಯನಿರುತ್ತಾನೆ, ಇಷ್ಟು ನೀರಿಗೆ ಇಲ್ಲವೇ? ಒಡೆಯನಿಲ್ಲದ್ದು ಪಾಷಾನದು. ನಾನು ಮತ್ತೆ ಬರುವುದರೊಳಗೆ ನಿಮ್ಮಲ್ಲೊಬ್ಬರು ಆಣೆಯಿಟ್ಟು ತಮ್ಮದೆಂದು ಸಾಧಿಸಿಕೊಳ್ಳಿ” ಎಂದು ಹೇಳಿ ಕುದುರೆ ಹತ್ತಿದನು. ಹಗೆಯನ್ನು ಬಿತ್ತಲು ಅವನಿಗೆ ನೇಗಿಲೇನೂ ಬೇಕಾಗಲಿಲ್ಲ.

ಮರುದಿನದಿಂದ ಚಪ್ಪಡಿಕಲ್ಲನ್ನು ಎರಡೂ ಕಡೆಯವರು ಕಾಯತೊಡಗಿದರು. ಬಿಸಿಲು ಹೊರಳಿತೋ ಇಲ್ಲವೋ ಎಂದು ಜಗಳ. ನಿನ್ನೆಯ ತನಕ ಒಬ್ಬರ ತೋಳಿನಲ್ಲೊಬ್ಬರು ತೋಳಿಟ್ಟು ಸಂತೆಗೆ ಹೋಗುತ್ತಿದ್ದವರು ತಮ್ಮ ತಮ್ಮ ಅಜ್ಜಂದಿರ ಅಜ್ಜಂದಿರನ್ನು ಗೋರಿಯಿಂದೆಬ್ಬಿಸಿ ಸಾಕ್ಷಿಗೆ ಕರೆದರು. ಆ ಅಜ್ಜಂದಿರೂ ಬದುಕಿದ್ದಾಗ ಚಪ್ಪಡಿ ಸರಿಸಿಕೊಂಡೇ ಇದ್ದರೆಂಬುದು ಯಾರಿಗೂ ನೆನಪಾಗಲಿಲ್ಲ.

ಗಡಿ ವ್ಯಾಜ್ಯಕ್ಕೆ ಆ ಜನರಲ್ಲಿ ಭಯಂಕರವಾದ ಒಂದು ಆಣೆಯುಂಟು. ಆಣೆಯಿಡುವವನು ಒಂದು ಹೆಗಲ ಮೇಲೆ ಕಲ್ಲು, ಇನ್ನೊಂದರ ಮೇಲೆ ಹುಲ್ಲುಸಮೇತ ಕಿತ್ತ ಮಣ್ಣಿನ ಹೆಂಟೆ ಹೊತ್ತು ನಡೆದು, ವ್ಯಾಜ್ಯದ ಜಾಗದಲ್ಲಿ ನಿಂತು ಹೇಳಬೇಕು: ‘ನಾನು ನಿಂತ ಮಣ್ಣು ನನ್ನದಲ್ಲವಾದರೆ ಈ ಭಾರ ಪರಲೋಕದಲ್ಲೂ ನನ್ನ ಹೆಗಲಿಳಿಯದಿರಲಿ.’ ಸುಳ್ಳಾಣೆಯ ಭಾರ ಇಹಲೋಕದಲ್ಲಿ ಬೀಳುವುದು ಮಾತ್ರ ಅವನ ಅತಿಪ್ರಿಯ ಸಂತಾನದ ಮೇಲೆ, ಎಂದು ಅವರ ನಂಬಿಕೆ. ಎರಡು ಹಳ್ಳಿಯ ಹಿರಿಯರೂ ಮಹಾ ಜಾಣರು. ಕೂಮ ಕೂಮನೆದುರು ಸುಳ್ಳು ಹೇಳುವುದಿಲ್ಲ, ಹೇಳಿದ್ದನ್ನು ಲೋಕ ನಂಬುತ್ತದೆ ಎಂದು ಲೆಕ್ಕ ಹಾಕಿ, ಮೂಡಣದವರು ರಾದೋಯೆಯನ್ನು ಆರಿಸಿದರು. ಅದೇ ಲೆಕ್ಕ ಹಾಕಿ ಪಡುವಣದವರು ಊಕನನ್ನು ಆರಿಸಿದರು. ಒಲ್ಲೆನೆಂದರೆ ನೀರು ಎದುರಿನವರಿಗೆ ಹೋಗುತ್ತದೆ, ನೀರು ಬಿಟ್ಟುಕೊಟ್ಟವನಿಗೆ ಊರಲ್ಲಿ ಒಲೆ ಉರಿಯುವುದಿಲ್ಲ ಎಂದು ಇಬ್ಬರಿಗೂ ಎಚ್ಚರಿಕೆ ಕೊಟ್ಟರು.

ರಾದೋಯೆ ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತ. “ಆಣೆ ಇಡ್ತೀನಿ,” ಎಂದ. “ಇಡದೆ ಇದ್ದರೆ ಗಂಟುಮೂಟೆ ಕಟ್ಟಬೇಕು. ಎಲ್ಲಿಗೆ ಹೋಗೋಣ ಹೇಳು?”

“ಸುಳ್ಳಾಣೆ ಯಾರ ಮೇಲೆ ಬೀಳುತ್ತೆ, ಗೊತ್ತಲ್ಲ?” ಎಂದಳು ಮಿಲುಂಕ.

ಅಂಗಳದಲ್ಲಿ ಸ್ತಾನಾ ಮೆಕ್ಕೆಜೋಳದ ದಂಟಿನಿಂದ ಕುದುರೆ ಮಾಡುತ್ತಿದ್ದಳು. ಮಿಲುಂಕ ಮಗಳನ್ನು ನೋಡಿದಳು, ಹಿತ್ತಲ ಕಡೆ ನೋಡಿದಳು. ಗಂಡ ಆಣೆಯಿಡುವುದು ಖಂಡಿತ, ಆ ಆಣೆ ಸುಳ್ಳಾಗದಂತೆ ಮಾಡುವುದೊಂದೇ ತನಗೆ ಉಳಿದ ದಾರಿ, ಎಂದು ಆ ತಾಯಿ ಯೋಚಿಸಿದಳು. ದೇವರು ಚಾಪೆಯ ಕೆಳಗೆ ತೂರಿದರೆ ಮನುಷ್ಯ ರಂಗೋಲಿಯ ಕೆಳಗೆ ತೂರುತ್ತಾನೆ.

ಆಣೆಯ ದಿನ ಬೆಳಿಗ್ಗೆ ರಾದೋಯೆ ಎತ್ತುಗಳಿಗೆ ಹುಲ್ಲು ಹಾಕಲು ಹೋದಾಗ, ಅವಳು ಅವನ ತೊಗಲಿನ ಕೆರಗಳನ್ನೆತ್ತಿಕೊಂಡು ಹಿತ್ತಲಿಗೆ ಹೋದಳು. ಪ್ಲಮ್ ಮರದ ಬುಡದಲ್ಲಿ ಕೂತು, ಕೈಯಿಂದಲೇ ಕೆದಕಿ, ಎರಡು ಕೆರಕ್ಕೂ ಒಂದೊಂದು ಹಿಡಿ ಮಣ್ಣು ತುಂಬಿ, ಹೆಬ್ಬೆರಳಿನಿಂದ ಒತ್ತಿ ಸಮ ಮಾಡಿದಳು. ಆ ಮಣ್ಣಿಗಿಂತ ತನ್ನದೆನ್ನಬಹುದಾದ ಮಣ್ಣು ಅವಳಿಗೆ ಭೂಮಿಯ ಮೇಲೆ ಬೇರೆ ಇರಲಿಲ್ಲ. ರಾದೋಯೆ ಕೆರ ಮೆಟ್ಟುವಾಗ ಅಡಿಗೆ ಮಣ್ಣು ತಗಲಿತು. ಹೆಂಡತಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡಿದಳು. ತನ್ನ ಊರ ಮಣ್ಣಿನ ಮೇಲೇ ನಿಂತು ಆಣೆಯಿಟ್ಟಂತಾಗುತ್ತದೆಂದು ಅವನಿಗೂ ಅರ್ಥವಾಯಿತು. ಬಾರು ಬಿಗಿದು ಹೊರಟ.

ಬಿಸಿಲು ಬಂಡೆಯ ಮೂಡಣ ಮುಖದಲ್ಲೂ ಇಲ್ಲದೆ ಪಡುವಣ ಮುಖದಲ್ಲೂ ಇಲ್ಲದೆ ನೆತ್ತಿಯ ಮೇಲೆ ನಿಂತ ಸಮಯದಲ್ಲಿ, ಉಭಯ ಗ್ರಾಮಗಳ ಆಬಾಲವೃದ್ಧರೂ ಎರಡು ಬದಿಗೆ ನೆರೆದು ನೋಡುತ್ತಿರಲು, ರಾದೋಯೆ ಮೂಡಣದಿಂದಲೂ ಊಕ ಪಡುವಣದಿಂದಲೂ ಶಿಲಾಮೃತ್ತಿಕೆಗಳನ್ನು ಹೊತ್ತು, ಬೆವರಿಳಿಸುತ್ತ ನಡೆದು ಬಂದು ಒಬ್ಬರಿಗೊಬ್ಬರು ಎದುರಾಗಿ ನಿಂತರು. ಕಣ್ಣು ಕೂಡಲಿಲ್ಲ. ರಾದೋಯೆ ತನ್ನ ಭಾಷೆಯಲ್ಲಿ ಹೇಳಿದ: ನಾನು ನಿಂತ ಮಣ್ಣು ನನ್ನದು. ಊಕ ತನ್ನ ಭಾಷೆಯಲ್ಲಿ ಹೇಳಿದ: ನಾನು ನಿಂತ ಮಣ್ಣು ನನ್ನದು. ಇಬ್ಬರ ಮಾತೂ ಅಕ್ಷರಶಃ ನಿಜವೇ ಆಗಿತ್ತು. ಆದರೆ ಮಿಲುಂಕ ಊಕನ ಪಾದಗಳನ್ನೇ ದಿಟ್ಟಿಸುತ್ತಿದ್ದಳು. ಊಕ ನಡೆದು ಬಂದ ರೀತಿ ಅವಳಿಗೆ ಗುರುತು ಸಿಕ್ಕಿತ್ತು. ತನ್ನ ಗಂಡ ಹೇಗೆ ಪಾದ ಒತ್ತಿ ಒತ್ತಿ ಇಡುತ್ತಿದ್ದನೋ ಅವನೂ ಹಾಗೆಯೇ ಇಡುತ್ತಿದ್ದ.

ಆಗ ಬಂಡೆಯ ಒಳಗಿನಿಂದ ಒಂದು ಧ್ವನಿ ಕೇಳಿತು. ಅದು ಸರ್ಬರಿಗೆ ಸರ್ಬರ ಮಾತಿನಲ್ಲಿಯೂ ಅಲ್ಬೇನಿಯನ್ನರಿಗೆ ಅವರ ಮಾತಿನಲ್ಲಿಯೂ ಕೇಳಿಸಿತಂತೆ. “ಎಲೈ ಮಾನವರೇ! ನಿಮ್ಮ ನಿಮ್ಮ ಮಣ್ಣಿನ ಮೇಲೆ ನಿಂತಿರುವಿರಾದರೆ ನನ್ನ ಮೇಲೆ ನಿಂತವರು ಯಾರೂ ಇಲ್ಲವೆಂದಾಯಿತು. ನಿಮ್ಮ ಮಣ್ಣು ನಿಮಗಿರಲಿ. ನೀರು ನನಗಿರಲಿ.”

ಗುಡುಗಿನಂಥ ಸದ್ದಾಯಿತು. ಬಂಡೆ ನೆತ್ತಿಯಿಂದ ಬುಡದ ತನಕ ಎರಡಾಗಿ ಬಿರಿಯಿತು. ಎತ್ತಿನ ತೊಡೆಯಷ್ಟಿದ್ದ ಧಾರೆ ತೋಳಿನಷ್ಟಾಗಿ, ಬೆರಳಿನಷ್ಟಾಗಿ, ದಾರದಷ್ಟಾಗಿ, ಕಡೆಗೆ ಇಲ್ಲವೇ ಆಯಿತು. ಜನ ಹೆದರಿದ್ದು ಅರೆಗಳಿಗೆ ಮಾತ್ರ. ಮರುಕ್ಷಣವೇ ಈ ಕಡೆಯವರು ಆ ಕಡೆಗೆ ಕೈತೋರಿಸಿ, ಆ ಕಡೆಯವರು ಈ ಕಡೆಗೆ ಕೈತೋರಿಸಿ, “ನೋಡಿರಿ, ಅವರು ಸುಳ್ಳಾಣೆ ಇಟ್ಟರು!” ಎಂದು ಕೂಗತೊಡಗಿದರು. ತಾ ಕಳ್ಳ ಪರರ ನಂಬ.

ಅದಾಗಿ ಸ್ವಲ್ಪ ದಿನಕ್ಕೆ ಸ್ತಾನಾ ಜ್ವರ ಹಿಡಿದು ಮಲಗಿದಳು. ಮೈ ಕಾದ ಹೆಂಚಾಯಿತು. ತುಟಿ ಒಡೆಯಿತು. ಹಳ್ಳದ ಕೆಸರುನೀರು ಕುಡಿಸಿದರೆ ಕಾರಿಕೊಂಡಳು. ಪಾದ್ರಿ ಬಂದು ಧೂಪ ಹಾಕಿ ಹೋದ. ಮಿಲುಂಕಳಿಗೆ ಧೂಪ ಬೇಕಾಗಿರಲಿಲ್ಲ, ರೋಗ ಯಾವುದೆಂದು ಅವಳಿಗೆ ಗೊತ್ತಿತ್ತು. ಮಗಳನ್ನು ಉಳಿಸಲೆಂದು ಮಾಡಿದ್ದೇ ಮಗಳನ್ನು ತಿನ್ನುತ್ತಿತ್ತು. ಮೂಲೆಯಲ್ಲಿದ್ದ ಕೆರಗಳನ್ನು ಕೈಗೆತ್ತಿಕೊಂಡಳು. ಆಣೆಯ ದಿನದಿಂದ ರಾದೋಯೆ ಅವನ್ನು ಮುಟ್ಟಿರಲಿಲ್ಲ. ಮಣ್ಣು ಹಾಗೆಯೇ ಇತ್ತು. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಬರಿಗಾಲಲ್ಲಿ ಗುಡ್ಡ ಹತ್ತಿದಳು.

ಬಂಡೆಯ ಹತ್ತಿರ ಎರಡು ಹಳ್ಳಿಯ ಗಂಡಸರೂ ಇದ್ದರು. ಇಂಗಿಹೋದ ನೀರನ್ನು ಹುಡುಕಿ ಇವರು ಈ ಮಗ್ಗುಲಿಂದ, ಅವರು ಆ ಮಗ್ಗುಲಿಂದ ಅಗೆಯುತ್ತಿದ್ದರು. ಅಗೆತಕ್ಕಿಂತ ಬೈಗುಳವೇ ಹೆಚ್ಚು. ರಾದೋಯೆ ಗುದ್ದಲಿ ಕೆಳಗಿಟ್ಟು, “ಇಲ್ಲಿಗ್ಯಾಕೆ ಬಂದೆ?” ಎಂದು ಗದರಿದ.

ಮಿಲುಂಕ ಅವನನ್ನು ದಾಟಿ ಮುಂದೆ ಹೋದಳು. ಎದುರು ಬದಿಯಲ್ಲಿ ಒಬ್ಬನೇ ದೂರ ಕೂತಿದ್ದ ಊಕನನ್ನು ನೋಡಿ ಗಟ್ಟಿಯಾಗಿ ಹೇಳಿದಳು: “ಕೂಮಣ್ಣಾ, ನಿಮ್ಮ ಮಗಳು ಸಾಯ್ತಿದಾಳೆ. ನಾನು ಇವರ ಕೆರಕ್ಕೆ ನಮ್ಮ ಹಿತ್ತಲ ಮಣ್ಣು ತುಂಬಿದ್ದೆ. ಆಣೆ ಸುಳ್ಳು. ನೀರು ನಮ್ಮದಲ್ಲ.” ಹೀಗೆಂದು ಎಲ್ಲರೆದುರಿಗೆ ಎರಡು ಕೆರಗಳನ್ನೂ ಬೋರಲು ಹಾಕಿ ಬಂಡೆಯ ಮೂಡಣ ಬುಡದಲ್ಲಿ ಕೊಡವಿದಳು.

“ಯಾವ ಹಿತ್ತಲ ಮಣ್ಣು?” ಎಂದು ರಾದೋಯೆ ಕೇಳಿದ. ಕೇಳುತ್ತಿದ್ದಂತೆಯೇ ಅವನಿಗೆ ಹೊಳೆಯಿತು. “ನನ್ನ ಕಾಲಡಿಗೆ ಆ ಕೂಸುಗಳನ್ನ ಹಾಸಿದ್ಯೇನೇ?”

“ಹಾಸಿದೆ,” ಎಂದಳು ಮಿಲುಂಕ. “ಇದನ್ನ ಉಳಿಸೋಕೆ.”

ಊಕ ಎದ್ದು ಬಂದ. ಅವನು ಅಂದಿನಿಂದ ಕೆರ ಕಳಚಿಯೇ ಇರಲಿಲ್ಲ. ಕೂತು, ಬಾರು ಬಿಚ್ಚಿ, ಪಡುವಣ ಬುಡದಲ್ಲಿ ಕೊಡವಿದ. ಕೆಂಪು ಮಣ್ಣು ಬಿತ್ತು. “ನಾನೂ ತುಂಬಿದ್ದೆ ತಂಗಿ,” ಎಂದ. “ನಮ್ಮ ಮನೆ ಜಗಲಿ ಮಣ್ಣು. ಇವಳು ಬಂದಾಗ ಕೂತು ಆಡ್ತಿದ್ದ ಜಾಗ. ಸುಳ್ಳು ಹೇಳಿದರೆ ಇವಳಿಗೆ ತಗಲುತ್ತೆ ಅಂತ. ನನಗೆ ಬೇರೆ ಯಾರಿದಾರೆ?” ಆ ಮುದುಕ ಅಷ್ಟು ಜನರ ನಡುವೆ ಹೋ ಎಂದು ಅತ್ತುಬಿಟ್ಟ.

ಊಕನೂ ಮಿಲುಂಕಳೂ ಬರಿಗಾಲಲ್ಲಿ ಬಂಡೆಯ ಮೇಲೆ ನಿಂತರು. ಕಾಲ ಕೆಳಗೆ ಯಾರ ಮಣ್ಣೂ ಇರಲಿಲ್ಲ. ಊಕ ಸೊಂಟದ ಕತ್ತರಿ ತೆಗೆದು, ಜ್ವರದಲ್ಲಿ ನರಳುತ್ತಿದ್ದ ಹುಡುಗಿಯ ತಲೆಯಿಂದ ಮತ್ತೊಂದೆಳೆ ಕೂದಲು ಕತ್ತರಿಸಿ ಬಿರುಕಿನೊಳಗೆ ಬಿಟ್ಟ. ಕೂದಲು ತೇವವಾಯಿತು. ಬಿರುಕಿನ ಒಳಗೆ ಬೊಗಸೆಯೂ ಅಲ್ಲ, ಒಂದು ಅಂಗೈಯಷ್ಟು ನೀರು ಜಿನುಗಿ ನಿಂತಿತು. ಮಿಲುಂಕ ಅದನ್ನು ಬೆರಳಿನಿಂದೆತ್ತಿ ಮಗಳ ತುಟಿಗೆ ಸವರಿದಳು. ಸ್ತಾನಾ ಚಪ್ಪರಿಸಿದಳು, ಕಣ್ಣು ಬಿಟ್ಟಳು, ಇನ್ನೂ ಬೇಕೆಂದಳು.

ಪುರಾಣ ಇಲ್ಲಿಗೆ ಮುಗಿದಿದ್ದರೆ ಮಂಗಳ ಹಾಡಿ ಕೊಬ್ಬರಿ ಹಂಚಬಹುದಿತ್ತು. ಆದರೆ ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ಎರಡು ಹಳ್ಳಿಯ ಜನರೂ ಕಣ್ಣಾರೆ ನೋಡಿದರು, ಕಿವಿಯಾರೆ ಕೇಳಿದರು. ಕೇಳಿದ್ದು ಮಾತ್ರ ಅರ್ಧ. ಮೂಡಣದವರಿಗೆ ಊಕ ತಪ್ಪೊಪ್ಪಿಕೊಂಡದ್ದು ಕೇಳಿಸಿತು; ಮಿಲುಂಕ ಹೇಳಿದ್ದು ಜ್ವರ ಬಂದ ಮಗುವಿನ ತಾಯಿಯ ಹುಚ್ಚುಮಾತೆಂದು ತಳ್ಳಿಹಾಕಿದರು. ಪಡುವಣದವರಿಗೆ ಮಿಲುಂಕ ತಪ್ಪೊಪ್ಪಿಕೊಂಡದ್ದು ಕೇಳಿಸಿತು. ಊಕನದು ಮುಪ್ಪಿನ ಅರಳುಮರಳೆಂದರು. ಹೊಲಕ್ಕೆ ಹರಿಯುವಷ್ಟು ನೀರು ಬರಲಿಲ್ಲವಲ್ಲ, ಅಂಗೈಯಷ್ಟು ಬಂದರೆಷ್ಟು ಬಿಟ್ಟರೆಷ್ಟು ಎಂದು ಗುದ್ದಲಿ ಹೆಗಲಿಗೇರಿಸಿ ಹೊರಟರು. ಊಕನ ಕುರಿಹಟ್ಟಿಗೆ ಅವನ ಕಡೆಯವರೇ ಬೆಂಕಿಯಿಟ್ಟರು. ಅವನು ಉಳಿದ ಕುರಿಗಳನ್ನು ಹೊಡೆದುಕೊಂಡು ಬೆಟ್ಟದಾಚೆಗೆ ಹೋದವನು ಹಿಂದಿರುಗಲಿಲ್ಲ. ರಾದೋಯೆಯ ಒಲೆಗೆ ಅವನ ಕಡೆಯವರೇ ನೀರು ಸುರಿದರು. ಮಿಲುಂಕ ಬದುಕಿರುವ ತನಕ ವರ್ಷಕ್ಕೊಮ್ಮೆ ಮಗಳನ್ನು ಕರೆದುಕೊಂಡು ಬಂಡೆಗೆ ಬಂದು, ಕೂದಲು ಕತ್ತರಿಸಲು ಕೂಮ ಬರುತ್ತಾನೆಂದು ಬಿಸಿಲು ಇಳಿಯುವವರೆಗೆ ಕೂತಿರುತ್ತಿದ್ದಳಂತೆ. ಮಗಳು ಬದುಕಿದಳು. ಮಗಳನ್ನು ಬದುಕಿಸಿದ ನಂಟು ಸತ್ತಿತು.

ಇತ್ತ ಕಾಲಚಕ್ರವು ಉರುಳುತ್ತ ಸುಲ್ತಾನರು ಹೋಗಿ ರಾಜರು ಬಂದರು. ರಾಜರು ಹೋಗಿ ಕೆಂಪುನಕ್ಷತ್ರದ ಬಾವುಟದವರು ಬಂದರು. ಅವರೂ ಹೋಗಿ, ಈಗ ಎರಡು ಮುದ್ರೆ ಎರಡು ಬಾಗಿಲುಗಳ ಪುರಸಭೆ ಬಂದಿದೆ. ಬಂದವರೆಲ್ಲ ಕೇಳಿದ್ದು ಪಾಷಾನ ಅಧಿಕಾರಿಯ ಪ್ರಶ್ನೆಯನ್ನೇ: ಇದು ಯಾರದು? ಪ್ರತಿ ಸಲವೂ ಎರಡು ಕಡೆಯವರೂ ಕೆರದೊಳಗೆ ಮಣ್ಣು ತುಂಬಿಕೊಂಡು ನಮ್ಮದೆಂದರು. ಒಂದು ಯುದ್ಧದಲ್ಲಿ ಇವರ ಮನೆ ಉರಿಯಿತು, ಇನ್ನೊಂದರಲ್ಲಿ ಅವರದು ಉರಿಯಿತು. ಮಸೀದಿಯ ಮಿನಾರು ಬಿದ್ದಾಗ ಇವರು ಕಿಟಕಿ ಮುಚ್ಚಿಕೊಂಡರು, ಚರ್ಚಿನ ಗಂಟೆ ಬಿದ್ದಾಗ ಅವರು ಮುಚ್ಚಿಕೊಂಡರು. ಒಂದೊಂದು ಸಲ ಒಂದೊಂದು ಕಡೆಯವರು ಗಾಡಿಗಳಲ್ಲಿ ಹಾಸಿಗೆ ಹೇರಿಕೊಂಡು ಹೋದರು, ಕೆಲವರು ಹಿಂದಿರುಗಿದರು. ಇಂದಿಗೂ ಈ ಕಥೆಯನ್ನು ಮೂಡಣದಲ್ಲಿ ಕೇಳಿದರೆ ಊಕನ ಕೆರದಲ್ಲಿ ಮಾತ್ರ ಮಣ್ಣಿರುತ್ತದೆ, ಪಡುವಣದಲ್ಲಿ ಕೇಳಿದರೆ ರಾದೋಯೆಯ ಕೆರದಲ್ಲಿ ಮಾತ್ರ.

ಯಾತ್ರಿಕರು ಇಂದಿಗೂ ಆ ಗುರುತುಗಳನ್ನು ನೋಡಬಹುದು. ಬಿರಿದ ಬಂಡೆಯ ಎರಡು ಬದಿಗೂ ಒಂದೊಂದು ಮಣ್ಣಿನ ಗುಪ್ಪೆಯುಂಟು, ಏಕೆಂದರೆ ಇಲ್ಲಿಗೆ ಬಂದವರು ಚಪ್ಪಲಿ ಬೂಟು ಕಳಚಿ ಮಣ್ಣು ಕೊಡವಿ ಬರಿಗಾಲಲ್ಲೇ ಮೇಲೆ ಹೋಗಬೇಕು. ಮೂಡಣ ಗುಪ್ಪೆಯ ಮೇಲೆ ಒಂದು ಪ್ಲಮ್ ಮರ ಬೆಳೆದಿದೆ. ಮಿಲುಂಕಳ ಹಿತ್ತಲ ಮಣ್ಣಿನೊಡನೆ ಬಂದ ಬೀಜದ್ದೆಂದು ಪ್ರತೀತಿ. ಅದರ ಕೊಂಬೆಗಳೆಲ್ಲ ಪಡುವಣಕ್ಕೆ ವಾಲಿ, ಹಣ್ಣುಗಳು ಆ ಕಡೆಗೇ ಉದುರುತ್ತವೆ. ಮರ ನಮ್ಮದಾದರೂ ನೆಲ ಅವರದೆಂದು ಇವರು ಆ ಹಣ್ಣನ್ನು ಆರಿಸಲು ಆಚೆ ಹೋಗುವುದಿಲ್ಲ, ನೆಲ ನಮ್ಮದಾದರೂ ಹಣ್ಣು ಅವರದೆಂದು ಅವರು ಮುಟ್ಟುವುದಿಲ್ಲ. ಕಣಜಗಳು ತಿಂದು ಕೊಬ್ಬಿವೆ.

ಬಿರುಕಿನ ನೀರು ಅಂದಿನಷ್ಟೇ ಇದೆ. ಬೇಸಿಗೆಯಲ್ಲಿ ಇಂಗುವುದಿಲ್ಲ, ಮಳೆಗಾಲದಲ್ಲಿ ಹೆಚ್ಚುವುದಿಲ್ಲ. ಹೊಲಕ್ಕೆ ಬಾರದು, ಒಂದು ಮಗುವಿಗೆ ಸಾಕು. ವಸಂತದಲ್ಲಿ ಬರುವ ಸಂತ ಜಾರ್ಜನ ದಿನ ಇಲ್ಲಿನ ಹಬ್ಬ. ಆ ದಿನವನ್ನು ಎರಡು ಮತದವರೂ ತಮ್ಮದೆಂದು ಆಚರಿಸುತ್ತಾರೆ. ಬಂಡೆಯ ಮೂಡಣ ಮುಖದಲ್ಲಿ ಬಿಸಿಲಿರುವಾಗ ಸರ್ಬರು ಬಂದು ಹೋಗುತ್ತಾರೆ. ಪಡುವಣ ಮುಖಕ್ಕೆ ಬಿಸಿಲು ಹೊರಳಿದ ಮೇಲೆ ಅಲ್ಬೇನಿಯನ್ನರು ಬಂದು ಹೋಗುತ್ತಾರೆ. ಇವರ ಬೆನ್ನು ಕಂಡ ಮೇಲೆಯೇ ಅವರು ಗುಡ್ಡ ಹತ್ತುವುದು. ಆದರೆ ತೀರ್ಥದ ನಿಯಮವೊಂದು ಯಾರ ಕೈಯಲ್ಲೂ ಬದಲಾಗಿಲ್ಲ: ಎದುರು ಕಡೆಯವರ ಕೈಯಿಂದ ಒಂದೆಳೆ ಕೂದಲು ಕತ್ತರಿಸಿಕೊಂಡ ಮಗುವಿಗೆ ಮಾತ್ರ ಈ ನೀರು ಗುಣ ಕೊಡುತ್ತದೆ.

ಆದ್ದರಿಂದ ಬಿಸಿಲು ನೆತ್ತಿಯ ಮೇಲಿರುವ ಹೊತ್ತಿನಲ್ಲಿ, ಬಂದವರೆಲ್ಲ ಇಳಿದುಹೋಗಿ ಬರಬೇಕಾದವರು ಇನ್ನೂ ಹತ್ತದಿರುವಾಗ, ಕಾಯಿಲೆಯ ಕೂಸನ್ನೆತ್ತಿಕೊಂಡ ಒಬ್ಬ ಸರ್ಬ ತಾಯಿ ಚಪ್ಪಲಿಯ ಬಾರು ಕಟ್ಟುವ ನೆಪದಲ್ಲಿ ಹಿಂದೆ ಉಳಿಯುತ್ತಾಳೆ. ಆ ಕಡೆಯಿಂದ ಕಾಯಿಲೆಯ ಕೂಸನ್ನೆತ್ತಿಕೊಂಡ ಒಬ್ಬ ಅಲ್ಬೇನಿಯನ್ ತಾಯಿ ತನ್ನವರಿಗಿಂತ ಮುಂಚೆ ಹತ್ತಿ ಬರುತ್ತಾಳೆ. ಹೆಸರು ಕೇಳುವುದಿಲ್ಲ. ಅವಳು ನಡುಪಟ್ಟಿಯ ಗಂಟಿನಿಂದ ಕತ್ತರಿ ತೆಗೆದು ಇವಳ ಕೂಸಿನ ಒಂದೆಳೆ ಕೂದಲು ಕತ್ತರಿಸುತ್ತಾಳೆ, ಅದೇ ಕತ್ತರಿಯಿಂದ ಇವಳು ಅವಳ ಕೂಸಿನದನ್ನು ಕತ್ತರಿಸುತ್ತಾಳೆ. ಎರಡು ಕೂದಲೂ ಒಂದೇ ಬಿರುಕಿಗೆ ಬೀಳುತ್ತವೆ. ಇಬ್ಬರೂ ಬೆರಳದ್ದಿ ತಂತಮ್ಮ ಕೂಸಿನ ತುಟಿಗೆ ನೀರು ಸವರಿ, ಬಂದ ದಾರಿಯಲ್ಲಿ ಇಳಿದು ಹೋಗುತ್ತಾರೆ. ಮನೆಯಲ್ಲಿ ಅತ್ತೆಯೋ ಗಂಡನೋ, ಬಂಡೆಯ ಹತ್ತಿರ ಯಾರಿದ್ದರು ಎಂದು ಕೇಳುತ್ತಾರೆ.

ಅವಳೂ ಇವಳೂ ಕೂಸಿನ ನೆತ್ತಿ ಸವರುತ್ತ ಹೇಳುತ್ತಾರೆ: “ಯಾರೂ ಇರಲಿಲ್ಲ.”